ಒಂದು ಸೆಂಟಿಮೀಟರ್ ಅಂದ್ರೆ 200 ಲೀಟರ್

2024ರ ಫೆಬ್ರವರಿ ಕೊನೆಯ ವಾರ. ರಾತ್ರಿ ಹತ್ತೂವರೆಗೆ ನಮ್ಮ ಅಪಾರ್ಟ್‌ಮೆಂಟಿನ ಪಂಪ್ ನೋಡಿಕೊಳ್ಳುವ ಶಿವಣ್ಣ ಬಂದು ಬಾಗಿಲು ತಟ್ಟಿದರು. "ಮೇಡಂ, ಎರಡನೇ ಬೋರೂ ಬುಸ್ ಅಂತಿದೆ. ಹತ್ತು ನಿಮಿಷ ನೀರು, ಆಮೇಲೆ ಬರೀ ಗಾಳಿ" ಅಂದರು. ಆ ವರ್ಷ ನಾನು ಅಸೋಸಿಯೇಷನ್ ಖಜಾಂಚಿ. ಹೇಗಾದೆ ಅಂದ್ರೆ, ಆಯ್ಕೆ ಮಾಡುವ ಮೀಟಿಂಗಿಗೆ ನಾನು ಹೋಗಿರಲಿಲ್ಲ. ಬರದೇ ಇದ್ದವರ ಹೆಸರು ಮೊದಲು ಬರೆದುಕೊಂಡಿದ್ದಾರೆ, ಅಷ್ಟೇ.

ನಮ್ಮದು ಬೆಂಗಳೂರಿನ ಪೂರ್ವದ ತುದಿ, ಮಹದೇವಪುರದ ಕಡೆ. ಪಾಲಿಕೆ ದೊಡ್ಡದಾದಾಗ ನಗರಕ್ಕೆ ಸೇರಿದ 110 ಹಳ್ಳಿಗಳಲ್ಲಿ ನಮ್ಮದೂ ಒಂದು. 72 ಮನೆ, ಹೆಚ್ಚುಕಡಿಮೆ 250 ಜನ. ಆಗ ಕಾವೇರಿ ನೀರು ಇರಲಿಲ್ಲ. ಎರಡು ಬೋರ್‌ವೆಲ್, ಸಾಲದ್ದಕ್ಕೆ ಟ್ಯಾಂಕರ್. ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು, ಹಾಗಾಗಿ ಎಲ್ಲಿಂದ ಬರುತ್ತೆ, ಎಷ್ಟು ಬರುತ್ತೆ ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ನಾನೂ ಅಷ್ಟೇ.

ಮೊದಲ ಬೋರು ಜನವರಿಯಲ್ಲೇ ನಿಂತಿತ್ತು. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ಕ್ಕೆ ಬರ ಅಂತ ಘೋಷಣೆ ಆಗಿದ್ದನ್ನು ಎಲ್ಲರೂ ಓದಿದ್ದೆವು. ಆದರೆ ಬರ ಅಂದ್ರೆ ಚಿತ್ರದುರ್ಗ, ಕೊಪ್ಪಳ, ರಾಯಚೂರು ಅಂತ ತಲೆಯಲ್ಲಿತ್ತು. ನಮ್ಮ ಬೇಸ್‌ಮೆಂಟಿನವರೆಗೆ ಬರುತ್ತೆ ಅಂತ ಅನ್ನಿಸಿರಲಿಲ್ಲ. ಫೆಬ್ರವರಿಯಲ್ಲಿ ಗಾಬರಿಯಾಗಿ ಇನ್ನೊಂದು ಬೋರು ಕೊರೆಸಿದೆವು. ತೆಂಗಿನಕಾಯಿ ಅಂಗೈಲಿ ಇಟ್ಟುಕೊಂಡು ನೀರು ತೋರಿಸುವವರು ಬಂದರು, ಕಾಯಿ ನೆಟ್ಟಗೆ ಎದ್ದು ನಿಂತ ಕಡೆ ಸುಣ್ಣದ ಗುರುತು ಹಾಕಿದರು. ಅಲ್ಲೇ 1,350 ಅಡಿ ಕೊರೆದರೂ ಬಂದಿದ್ದು ಬೂದು ಬಣ್ಣದ ಧೂಳು. ಎರಡು ದಿನ ಎಲ್ಲರ ಬಾಲ್ಕನಿ ಮೇಲೆ ಅದೇ ಧೂಳು, ತೊಳೆಯೋಕೆ ನೀರಿಲ್ಲ. ಇದರ ಬಗ್ಗೆ ಜಾಸ್ತಿ ಬರೆಯಲ್ಲ, ಹಣ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಮಾರ್ಚ್ ಬಂತು. ಜನವರಿಯಲ್ಲಿ 12,000 ಲೀಟರ್ ಟ್ಯಾಂಕರಿಗೆ 900 ರೂಪಾಯಿ ಕೊಡುತ್ತಿದ್ದೆವು. ಅದೇ ಟ್ಯಾಂಕರ್, ಅದೇ ಡ್ರೈವರ್, ಈಗ 2,000. ಚೌಕಾಸಿ ಮಾಡಿದರೆ "ಬೇಡ ಅಂದ್ರೆ ಬಿಡಿ ಮೇಡಂ, ಪಕ್ಕದ ಬಿಲ್ಡಿಂಗಿನವರು ಕಾಯ್ತಿದಾರೆ" ಅನ್ನುತ್ತಿದ್ದ. ಪಕ್ಕದವರು ನಿಜವಾಗಲೂ ಗೇಟ್ ಹತ್ತಿರ ನಿಂತು ಕಾಯುತ್ತಿದ್ದರು. ಮಾರ್ಚ್ 7ಕ್ಕೆ ಜಿಲ್ಲಾಡಳಿತ ದರ ನಿಗದಿ ಮಾಡಿತು. 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600, 8,000ಕ್ಕೆ 700, 12,000ಕ್ಕೆ 1,000 ರೂಪಾಯಿ. 10 ಕಿಲೋಮೀಟರ್ ತನಕ ಆದರೆ 750, 850, 1,200. ಜಿಎಸ್‌ಟಿ ಬೇರೆ. ನಾನು ಆ ಆದೇಶದ ಫೋಟೋ ಫೋನಲ್ಲಿ ಇಟ್ಟುಕೊಂಡು ಖುಷಿಯಲ್ಲಿ ಕಾದೆ. ನಮ್ಮ ಟ್ಯಾಂಕರಿನವನು ಎರಡು ದಿನ ಫೋನೇ ಎತ್ತಲಿಲ್ಲ. ಮೂರನೇ ದಿನ ಬಂದ, 1,500 ಅಂದ, ಬಿಲ್ ಕೊಡಲ್ಲ ಅಂದ. ಕೊಟ್ಟೆ. ತಪ್ಪು ಅಂತ ಗೊತ್ತು. ಆದರೆ ಸಂಪಿನಲ್ಲಿ ಒಂದು ಗೇಣು ನೀರಿದ್ದಾಗ, ಏಳನೇ ಮಹಡಿಯಲ್ಲಿ ಬಾಣಂತಿ ಒಬ್ಬಳು ಇದ್ದಾಗ, ಫೋನಲ್ಲಿರುವ ಫೋಟೋ ತೋರಿಸಿ ಜಗಳ ಆಡೋಕಾಗಲ್ಲ.

ಅದೇ ದಿನಗಳಲ್ಲಿ ಜಲಮಂಡಳಿಯ ಆದೇಶವೂ ಬಂತು. ಕುಡಿಯುವ ನೀರಲ್ಲಿ ಕಾರು ತೊಳೆಯಬಾರದು, ಗಿಡಗಳಿಗೆ ಬಿಡಬಾರದು, ಕಟ್ಟಡ ಕಟ್ಟಬಾರದು, ಕಾರಂಜಿ ಹಾರಿಸಬಾರದು. ಸಿಕ್ಕಿಬಿದ್ದರೆ 5,000 ರೂಪಾಯಿ ದಂಡ, ಮತ್ತೆ ಅದೇ ತಪ್ಪು ಮಾಡಿದರೆ ದಿನಕ್ಕೆ 500 ಸೇರಿಸಿ. ಹೋಳಿ ಹಬ್ಬಕ್ಕೆ ಹೋಟೆಲುಗಳಲ್ಲಿ ಮಳೆ ನೃತ್ಯ ಅಂತ ನೀರು ಸುರಿಯುವುದಕ್ಕೂ ಕಾವೇರಿ, ಬೋರು ನೀರು ಬಳಸಬೇಡಿ ಅಂದರು. ತಿಂಗಳ ಕೊನೆ ಹೊತ್ತಿಗೆ 22 ಮನೆಯವರಿಗೆ ದಂಡ ಹಾಕಿ 1.1 ಲಕ್ಷ ವಸೂಲಿ ಮಾಡಿದರು ಅಂತ ಪೇಪರಿನಲ್ಲಿ ಬಂತು. ಕೋಟಿಗಿಂತ ಜಾಸ್ತಿ ಜನ ಇರುವ ಊರಲ್ಲಿ 22 ಮನೆ! ನಮ್ಮ ಗ್ರೂಪಿನಲ್ಲಿ ಅದನ್ನು ಹಾಕಿ ನಗುವವರು ನಕ್ಕರು, ಆದರೆ ಹೆದರುವವರು ಹೆದರಿದರು ಕೂಡ, ಅದು ಕೆಲಸಕ್ಕೆ ಬಂತು.

ನಮ್ಮಲ್ಲಿ ಕಾರು ತೊಳೆಯುವ ಹುಡುಗ ಒಬ್ಬನಿದ್ದ. 40 ಕಾರು, ಒಂದೊಂದಕ್ಕೂ ತಿಂಗಳಿಗೆ 500. ಬೆಳಗ್ಗೆ ಐದಕ್ಕೆ ಬಂದು ಪೈಪ್ ಹಿಡಿದರೆ ಏಳೂವರೆ ತನಕ. ಆದೇಶ ಬಂದ ಮಾರನೇ ದಿನ ಪೈಪ್ ಬಿಚ್ಚಿಸಿದೆ. ಎಸ್‌ಟಿಪಿ ಅಂದ್ರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ಅದರಲ್ಲಿ ಶುದ್ಧ ಮಾಡಿದ ನೀರು ಒಂದು ಬಕೆಟ್ ತಗೊಂಡು ಬಟ್ಟೆಯಲ್ಲಿ ನಾಲ್ಕು ಕಾರು ಒರೆಸು ಅಂದೆ. ಅವನು ಒಪ್ಪಿದ, ಕಾರಿನವರು ಒಪ್ಪಲಿಲ್ಲ. ಎರಡನೇ ಮಹಡಿಯ ನಿವೃತ್ತ ಸಾರ್ ಒಬ್ಬರು "ನನ್ನ ಬಿಳಿ ಕಾರಿಗೆ ಮೋರಿ ನೀರಾ?" ಅಂತ ಗ್ರೂಪಿನಲ್ಲಿ ಮೂರು ದಿನ ಹಾರಾಡಿದರು. ಚಿನ್ನಸ್ವಾಮಿ ಮೈದಾನಕ್ಕೇ ಐಪಿಎಲ್ ಟೈಮಲ್ಲಿ ಶುದ್ಧ ಮಾಡಿದ ಕೊಳಚೆ ನೀರು ಬಿಡ್ತಿದಾರೆ ಸಾರ್ ಅಂತ ಯಾರೋ ಬರೆದ ಮೇಲೆ ಸುಮ್ಮನಾದರು. ಮೊದಲೇ ಈ ಸಲ ಆರ್‌ಸಿಬಿ ಸೋಲ್ತಿರೋದಕ್ಕೆ ಅದೇ ಕಾರಣ ಅಂತ ಇನ್ನೊಬ್ಬರು ಬರೆದರು, ಮಾತು ಅಲ್ಲಿಗೆ ಎಲ್ಲೋ ಹೋಯಿತು.

ಈಗ ನಾನು ಮಾಡಿದ ದೊಡ್ಡ ತಪ್ಪಿಗೆ ಬರುತ್ತೇನೆ. ನೀರು ಕಮ್ಮಿ ಆದರೆ ಎಲ್ಲರೂ ಮೊದಲು ಮಾಡೋದು ಟೈಮಿಂಗ್ಸ್. ನಾವೂ ಮಾಡಿದೆವು. ಬೆಳಗ್ಗೆ 6ರಿಂದ 8:30, ಸಂಜೆ 6:30ರಿಂದ 8:30, ಉಳಿದ ಹೊತ್ತು ಮೇಲಿನ ಟ್ಯಾಂಕಿನ ವಾಲ್ವ್ ಬಂದ್. ದಿನಕ್ಕೆ 24 ಗಂಟೆ ಬರುತ್ತಿದ್ದ ನೀರು ನಾಲ್ಕೂವರೆ ಗಂಟೆಗೆ ಇಳಿದರೆ ಖರ್ಚು ಅರ್ಧವಾದರೂ ಆಗಬೇಕು ಅಲ್ವಾ? ಮೊದಲು ದಿನಕ್ಕೆ 40,000 ಲೀಟರ್ ಹೋಗುತ್ತಿತ್ತು. ಟೈಮಿಂಗ್ಸ್ ಹಾಕಿ ಒಂದು ವಾರ ಆದಮೇಲೆ ಲೆಕ್ಕ ಹಾಕಿದರೆ 39,000!

ಶಿವಣ್ಣ ಕದ್ದು ವಾಲ್ವ್ ತಿರುಗಿಸ್ತಿದಾರಾ ಅಂತ ನನಗೇ ಅನುಮಾನ ಬಂತು. ಪಾಪ ಅವರದ್ದೇನೂ ಇರಲಿಲ್ಲ. ಉತ್ತರ ಸಿಕ್ಕಿದ್ದು ನಮ್ಮ ಮನೆಯಲ್ಲೇ, ನಮ್ಮ ಅತ್ತೆಯ ಕೈಯಲ್ಲಿ. ಅವರು ಬೆಳಗ್ಗೆ 5:50ಕ್ಕೇ ಎದ್ದು ಕೂರುತ್ತಿದ್ದರು. ನಲ್ಲಿ ಕೆಮ್ಮಿದ ಸದ್ದು ಕೇಳಿದ ತಕ್ಷಣ ಎರಡು ಬಕೆಟ್, ನಾಲ್ಕು ಬಿಂದಿಗೆ, ಪ್ರೆಶರ್ ಕುಕ್ಕರ್, ಇಡ್ಲಿ ಪಾತ್ರೆ, ಮಗಳ ಮದುವೆಗೆ ಕೊಂಡ ಹಿತ್ತಾಳೆ ಹಂಡೆ, ಹೀಗೆ ಮನೆಯಲ್ಲಿ ತಳ ಇರುವುದೆಲ್ಲ ತುಂಬುತ್ತಿತ್ತು. ಒಂದು ದಿನ ನೋಡ್ತೀನಿ, ತುಂಬಿಸೋ ಮುಂಚೆ ನಿನ್ನೆಯ ನಾಲ್ಕು ಬಿಂದಿಗೆ ನೀರನ್ನು ಸಿಂಕಿಗೆ ಸುರೀತಿದಾರೆ.

"ಅತ್ತೆ, ಅದು ಒಳ್ಳೇ ನೀರು!"

"ರಾತ್ರಿ ಹಿಡಿದಿಟ್ಟಿದ್ದಮ್ಮ. ಹಳೇ ನೀರಲ್ಲಿ ಅಡುಗೆ ಮಾಡ್ತಾರಾ ಯಾರಾದ್ರೂ?"

72 ಅಡುಗೆಮನೆಯಲ್ಲಿ ಇದೇ ನಡೆಯುತ್ತಿತ್ತು. ನೀರು ಬೇಕಾದಾಗ ಬರುತ್ತೆ ಅಂದ್ರೆ ಜನ ಬೇಕಾದಷ್ಟೇ ಹಿಡೀತಾರೆ, ಬರಲ್ಲ ಅಂದ್ರೆ ಇರೋ ಬರೋ ಪಾತ್ರೆಯಲ್ಲೆಲ್ಲ ಹಿಡಿದು, ಅರ್ಧ ಬಳಸಿ, ಅರ್ಧ ಚೆಲ್ಲಿ, ಮತ್ತೆ ಹಿಡೀತಾರೆ. ಇನ್ನೊಂದು ಕಥೆ, ನೀರಿಲ್ಲದ ಹೊತ್ತಲ್ಲಿ ನಲ್ಲಿ ತಿರುಗಿಸಿ ನೋಡಿ ಹಾಗೇ ಬಿಟ್ಟು ಆಫೀಸಿಗೆ ಹೋಗೋರು. ನಾಲ್ಕನೇ ಮಹಡಿಯ ಒಂದು ಮನೆಯಲ್ಲಿ ಸಂಜೆ ಆರೂವರೆಯಿಂದ ಎಂಟೂವರೆ ತನಕ ನಲ್ಲಿ ಹರಿದು, ಬಾಗಿಲ ಕೆಳಗಿಂದ ನೀರು ಲಿಫ್ಟಿನ ಗುಂಡಿಗೆ ಬಿತ್ತು. ಲಿಫ್ಟ್ ಎರಡು ದಿನ ಬಂದ್.

ಟೈಮಿಂಗ್ಸ್ ತೆಗೀಬೇಕು ಅಂತ ಮೀಟಿಂಗಿನಲ್ಲಿ ಹೇಳಿದರೆ ನನಗೆ ಹುಚ್ಚು ಹಿಡಿದಿದೆ ಅನ್ನೋ ಥರ ನೋಡಿದರು. ಸರಿ, ಮೊದಲು ಅಳೆಯೋಣ ಅಂದೆ. ಇಷ್ಟು ವರ್ಷ ನಾವು ಅಳೆದೇ ಇರಲಿಲ್ಲ. 40,000 ಅನ್ನೋದೂ ಬಂದ ಟ್ಯಾಂಕರ್ ಎಣಿಸಿ, ಬೋರಿನ ನೀರು ಅಂದಾಜು ಮಾಡಿ ಹಾಕಿದ ಲೆಕ್ಕ.

ಅಳೆಯೋಕೆ ಏನು ದೊಡ್ಡ ವಿದ್ಯೆ ಬೇಕಾಗಿಲ್ಲ. ನಮ್ಮ ಸಂಪು 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಆಳ. ಅಂದ್ರೆ ನೀರು ಒಂದು ಸೆಂಟಿಮೀಟರ್ ಏರಿದರೆ 200 ಲೀಟರ್. ವೈರಿಂಗಿಗೆ ಬಳಸುವ ಬಿಳಿ ಪೈಪೊಂದನ್ನು ಶಿವಣ್ಣ ತಂದರು, ನಾನು ಟೈಲರ್ ಅಂಗಡಿಯಿಂದ ಎರಡು ಟೇಪ್ ತಂದು ಒಂದರ ಕೆಳಗೊಂದು ಅಂಟಿಸಿದೆ, ಮೇಲೆ ಸೆಲೋಟೇಪ್ ಸುತ್ತಿದೆ. ಅದಕ್ಕೆ ಸಂಪಿನ ಕೋಲು ಅಂತ ಹೆಸರಾಯಿತು. ಒಣಗಿದ ಕೋಲು ಇಳಿಸಿ, ಎತ್ತಿ, ಎಲ್ಲಿ ತನಕ ಒದ್ದೆ ಇದೆ ಅಂತ ಟಾರ್ಚ್ ಹಾಕಿ ನೋಡೋದು. ತಡ ಮಾಡಿದರೆ ನೀರು ಇಳಿದುಬಿಡುತ್ತೆ, ಅದಕ್ಕೆ ಸೀಮೆಸುಣ್ಣ ಸವರಿ ಇಳಿಸಬೇಕು, ಆಗ ಗುರುತು ಸ್ಪಷ್ಟ. ಇದು ಶಿವಣ್ಣನ ಐಡಿಯಾ.

ಮೊದಲು ಟ್ಯಾಂಕರನ್ನೇ ಅಳೆದೆವು. ಮೋಟಾರ್ ಎಲ್ಲ ಆಫ್ ಮಾಡಿ, ಕೋಲು ಇಳಿಸಿ, 38 ಅಂತ ಬರೆದುಕೊಂಡೆ. 12,000 ಲೀಟರ್ ಅಂದ್ರೆ 60 ಸೆಂಟಿಮೀಟರ್ ಏರಬೇಕು, 98 ತೋರಿಸಬೇಕು. ಟ್ಯಾಂಕರ್ ಖಾಲಿ ಆಯಿತು, ಡ್ರೈವರ್ ಪೈಪ್ ಸುತ್ತುತ್ತಿದ್ದ. ಕೋಲು ಇಳಿಸಿದರೆ 89. ಅಂದ್ರೆ 10,200 ಲೀಟರ್. ಇನ್ನೊಂದು ಸಲ ಇಳಿಸಿದೆ, 89. ಡ್ರೈವರ್ ನನ್ನ ಕೈಯಲ್ಲಿದ್ದ ಕೋಲು ನೋಡಿದ, ನಾನು ಅವನನ್ನು ನೋಡಿದೆ.

"ದಾರೀಲಿ ಚೆಲ್ಲುತ್ತೆ ಮೇಡಂ, ಹಂಪ್ ಜಾಸ್ತಿ."

"1,800 ಲೀಟರ್ ಚೆಲ್ಲಿದ್ರೆ ರಸ್ತೆಯಲ್ಲಿ ಭತ್ತ ನಾಟಿ ಮಾಡಬಹುದಲ್ಲಪ್ಪ."

ಅವನಿಗೂ ನಗು ಬಂತು. ಮಾರನೇ ದಿನದಿಂದ ಟ್ಯಾಂಕರ್ ಬಂದ ತಕ್ಷಣ ನಾವು ಕೋಲು ಹಿಡಿದು ನಿಲ್ಲೋದು, 1,500ರ ಬದಲು ಏರಿದ ಪ್ರತಿ ಸೆಂಟಿಮೀಟರಿಗೆ 25 ರೂಪಾಯಿ. ಅವನ ಓನರ್ ಎರಡು ದಿನ ಬೈದ, ಆಮೇಲೆ ಒಪ್ಪಿದ. ಮೂರನೇ ದಿನದಿಂದ ಟ್ಯಾಂಕರುಗಳು 58, 59 ತೋರಿಸೋಕೆ ಶುರು ಮಾಡಿದವು. ರಸ್ತೆಯಲ್ಲಿ ಹಂಪ್ ಅಷ್ಟೇ ಇದ್ದವು.

ಆಮೇಲೆ ರಾತ್ರಿ ಪರೀಕ್ಷೆ. ಇದನ್ನು ಯಾವ ಅಪಾರ್ಟ್‌ಮೆಂಟಿನವರಾದರೂ ಇವತ್ತೇ ಮಾಡಬಹುದು, ಒಂದು ರೂಪಾಯಿ ಖರ್ಚಿಲ್ಲ. ಟೈಮಿಂಗ್ಸ್ ಒಂದು ದಿನ ನಿಲ್ಲಿಸಿ ವಾಲ್ವ್ ತೆರೆದಿಟ್ಟೆವು. ರಾತ್ರಿ ಒಂದು ಗಂಟೆಗೆ ನಾನು, ಶಿವಣ್ಣ ತಾರಸಿಗೆ ಹೋಗಿ ಮೇಲಿನ ಟ್ಯಾಂಕಿಗೆ ಕೋಲು ಇಳಿಸಿದೆವು. ಅಲ್ಲಿ ಒಂದು ಸೆಂಟಿಮೀಟರಿಗೆ 150 ಲೀಟರ್. ಟ್ಯಾಂಕಿಗೆ ನೀರು ಏರಿಸುವ ಮೋಟಾರ್ ಆಫ್. ನಾಲ್ಕು ಗಂಟೆಗೆ ಮತ್ತೆ ಇಳಿಸಿದೆವು. 8 ಸೆಂಟಿಮೀಟರ್ ಕಮ್ಮಿ. ಇಡೀ ಬಿಲ್ಡಿಂಗ್ ಗೊರಕೆ ಹೊಡೀತಿದೆ, 1,200 ಲೀಟರ್ ನೀರು ಹೋಗಿದೆ! ಒಬ್ಬಿಬ್ಬರು ಎದ್ದಿರಬಹುದು ಅಂದುಕೊಂಡರೂ ಗಂಟೆಗೆ 400 ಲೀಟರ್ ಆಗಲ್ಲ. ಅದು ಸೋರಿಕೆ. ದಿನಕ್ಕೆ 9,600 ಲೀಟರ್, ಹತ್ತತ್ರ ಒಂದು ಟ್ಯಾಂಕರ್. ನಾವು ದಿನಕ್ಕೆ ಮೂರು ಟ್ಯಾಂಕರ್ ತರಿಸ್ತಿದ್ದೆವು, ಅದರಲ್ಲಿ ಒಂದು ಯಾರ ಬಾಯಿಗೂ ಹೋಗದೆ ನೇರ ಚರಂಡಿಗೆ.

ಎಲ್ಲಿ ಸೋರುತ್ತೆ ಅಂತ ಹುಡುಕಿದ್ದು ಉಜಾಲಾ ಹಾಕಿ. ಟಾಯ್ಲೆಟ್ಟಿನ ಫ್ಲಷ್ ಟ್ಯಾಂಕಿಗೆ ನಾಲ್ಕು ಹನಿ ನೀಲಿ ಹಾಕಿ, ಫ್ಲಷ್ ಮಾಡದೆ ಅರ್ಧ ಗಂಟೆ ಬಿಟ್ಟು ನೋಡಿದರೆ ಕೆಳಗಿನ ಬೇಸಿನ್ನಿನಲ್ಲಿ ನೀಲಿ ಇಳಿದಿದ್ದರೆ ಒಳಗಿನ ವಾಷರ್ ಹೋಗಿದೆ ಅಂತ. ಸದ್ದೂ ಬರಲ್ಲ, ಕಣ್ಣಿಗೂ ಕಾಣಲ್ಲ, ಗೋಡೆಗೆ ಅಂಟಿಕೊಂಡ ಹಾಗೆ ಇಳೀತಿರುತ್ತೆ. ಮನೆಮನೆಗೆ ಹೋದೆವು. ಭಾನುವಾರ ಬೆಳಗ್ಗೆ ಖಜಾಂಚಿ ಬಂದು "ನಿಮ್ಮ ಟಾಯ್ಲೆಟ್ ನೋಡಬೇಕು" ಅಂದರೆ ಜನರ ಮುಖ ಹೇಗಿರುತ್ತೆ ಊಹಿಸಿಕೊಳ್ಳಿ. 19 ಮನೆಯಲ್ಲಿ ನೀಲಿ ಇಳಿದಿತ್ತು. ನಮ್ಮ ಮನೆಯದ್ದೂ ಸೇರಿ, ಅದನ್ನ ಗ್ರೂಪಿನಲ್ಲಿ ನಾನೇ ಬರೆದೆ. ಕಾರಿನ ಸಾರ್ ಮನೆಯದ್ದು ಸರಿ ಇತ್ತು, ಅದನ್ನು ಅವರೇ ಬರೆದರು.

ಎಲ್ಲಕ್ಕಿಂತ ಕೆಟ್ಟದ್ದು ಮಾತ್ರ ಬೀಗ ಹಾಕಿದ ಮನೆ. ಮಾಲೀಕರು ವಿದೇಶದಲ್ಲಿ, ಬಾಡಿಗೆಗೆ ಇದ್ದವರು ಡಿಸೆಂಬರಿನಲ್ಲಿ ಬಿಟ್ಟು ಹೋಗಿದ್ದಾರೆ. ಅವರ ಅಣ್ಣನ ಹತ್ತಿರ ಕೀ ತರಿಸಿ ಬಾಗಿಲು ತೆಗೆದರೆ ಒಳಗಿನ ಬಚ್ಚಲಿನಿಂದ ಸಣ್ಣಗೆ ಸದ್ದು. ಫ್ಲಷ್ ಟ್ಯಾಂಕಿನ ಬಾಲ್ ಮುರಿದು ಹೋಗಿದೆ, ನೀರು ಹರೀತಾನೇ ಇದೆ. ಬಕೆಟ್ ಇಟ್ಟು ಅಳೆದೆವು, ಗಂಟೆಗೆ 25 ಲೀಟರ್. ದಿನಕ್ಕೆ 600. ಮೂರು ತಿಂಗಳು. ಒಬ್ಬ ಮನುಷ್ಯನೂ ಇಲ್ಲದ ಮನೆ ನಾಲ್ಕು ಜನರಷ್ಟು ನೀರು ಕುಡಿದಿತ್ತು.

ವಾಷರ್ ಬದಲಾಯಿಸಿದ ಮೇಲೆ ದಿನದ ಲೆಕ್ಕ 31,000ಕ್ಕೆ ಇಳಿಯಿತು. ಆಗ ಮೀಟಿಂಗಿನಲ್ಲಿ ನನ್ನ ಮಾತಿಗೆ ಸ್ವಲ್ಪ ಬೆಲೆ ಬಂತು. ಟೈಮಿಂಗ್ಸ್ ತೆಗೆದೆವು. ರಾತ್ರಿ ಹನ್ನೊಂದರಿಂದ ಐದರ ತನಕ ಮಾತ್ರ ಬಂದ್. ಅತ್ತೆ ಎರಡು ದಿನ ನಂಬದೆ ಹಂಡೆ ತುಂಬಿಸಿಟ್ಟರು, ಆಮೇಲೆ ಹಂಡೆ ಅಟ್ಟಕ್ಕೆ ಹೋಯಿತು.

ಏರೇಟರ್ ಬಗ್ಗೆ ಒಂದು ಮಾತು. ನಲ್ಲಿಯ ತುದಿಗೆ ಹಾಕುವ ಸಣ್ಣ ಜಾಲರಿ ಅದು, ನೀರಿಗೆ ಗಾಳಿ ಬೆರೆಸಿ ಹರಿವು ಕಮ್ಮಿ ಮಾಡುತ್ತೆ. ಅಪಾರ್ಟ್‌ಮೆಂಟು, ಹೋಟೆಲು, ಅಂಗಡಿಗಳೆಲ್ಲ ನಲ್ಲಿಗೆ ಹಾಕಲೇಬೇಕು ಅಂತ ಜಲಮಂಡಳಿ ಮಾರ್ಚಿನಲ್ಲಿ ಗಡುವು ಕೊಟ್ಟಿತ್ತು, ಆಮೇಲೆ ಮುಂದಕ್ಕೂ ಹಾಕಿತು. ನಾನು ಹಾಕುವ ಮುಂಚೆ, ಹಾಕಿದ ಮೇಲೆ ಒಂದು ಲೀಟರ್ ಬಾಟಲಿ ಹಿಡಿದು ನೋಡಿದೆ. ಅಡುಗೆಮನೆ ನಲ್ಲಿಯಲ್ಲಿ ಮೊದಲು 5 ಸೆಕೆಂಡಿಗೆ ತುಂಬುತ್ತಿತ್ತು, ಆಮೇಲೆ 15 ಸೆಕೆಂಡ್. ಪಾತ್ರೆ ತೊಳೆಯುವಾಗ, ಕೈ ತೊಳೆಯುವಾಗ ಇದು ನಿಜವಾಗಲೂ ಉಳಿಸುತ್ತೆ. ಆದರೆ ಬಚ್ಚಲಲ್ಲಿ ಬಕೆಟ್ ತುಂಬಿಸೋ ನಲ್ಲಿಗೆ ಹಾಕಿದರೆ ಏನೂ ಪ್ರಯೋಜನ ಇಲ್ಲ. ಬಕೆಟ್ ಅಷ್ಟೇ ದೊಡ್ಡದು, ತುಂಬೋಕೆ ಮೂರರಷ್ಟು ಹೊತ್ತು ಅಷ್ಟೇ. ನಾವು ಎಲ್ಲ ನಲ್ಲಿಗೂ ಹಾಕಿಸಿ, ಬೆಳಗ್ಗೆ ಸ್ಕೂಲಿಗೆ ಹೋಗೋ ಮಕ್ಕಳಿರುವ ಮನೆಗಳಿಂದ ಬೈಸಿಕೊಂಡು, ಬಚ್ಚಲಿನದ್ದು ತೆಗೆಸಿದೆವು.

ಮನೆಮನೆಗೆ ಮೀಟರ್ ಹಾಕೋಣ ಅಂತ ಹೊರಟರೆ ಅದು ಇನ್ನೊಂದು ತಲೆನೋವು. ಹಳೇ ಬಿಲ್ಡಿಂಗ್, ಒಂದೊಂದು ಮನೆಗೂ ಅಡುಗೆಮನೆಗೆ ಒಂದು, ಎರಡು ಬಚ್ಚಲಿಗೆ ಎರಡು ಅಂತ ಮೂರು ಕಡೆ ನೀರು ಒಳಗೆ ಬರುತ್ತೆ. ಅಂದ್ರೆ 216 ಮೀಟರ್. ಅಷ್ಟು ದುಡ್ಡು ಎಲ್ಲಿಂದ? ಶಿವಣ್ಣ ತಾರಸಿ ತೋರಿಸಿದರು. ಮೇಲಿನ ಟ್ಯಾಂಕಿನಿಂದ ಕೆಳಗೆ ಇಳಿಯೋದು ಎಂಟೇ ಪೈಪು, ಒಂದೊಂದು ಒಂಬತ್ತು ಮನೆಗೆ. ಎಂಟು ಮೀಟರ್ ಸಾಕು. ಕೂಲಿ ಸೇರಿ 31,000 ರೂಪಾಯಿ ಆಯಿತು. ಪ್ರತಿ ರಾತ್ರಿ ಒಂಬತ್ತಕ್ಕೆ ಎಂಟು ಅಂಕಿ ಗ್ರೂಪಿನಲ್ಲಿ ಹಾಕುತ್ತಿದ್ದೆ, ಜೊತೆಗೆ ಸಂಪಿನ ಕೋಲಿನ ಫೋಟೋ. ಬೈಗುಳ ಇಲ್ಲ, ಉಪದೇಶ ಇಲ್ಲ. ಮೊದಲ ದಿನ 5ನೇ ಲೈನಿನವರು 5,900 ಲೀಟರ್, 2ನೇ ಲೈನಿನವರು 2,800. ಅರ್ಧ ಗಂಟೆಯೊಳಗೆ 5ನೇ ಲೈನಿನ ಒಂಬತ್ತು ಮನೆಯವರು ತಮ್ಮದೇ ಬೇರೆ ಗ್ರೂಪ್ ಮಾಡಿಕೊಂಡಿದ್ದರು. ಆ ಗ್ರೂಪಿನಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ, ಒಂದು ವಾರದಲ್ಲಿ 3,600ಕ್ಕೆ ಬಂದರು. ಏಪ್ರಿಲ್ ಮಧ್ಯಕ್ಕೆ ಒಟ್ಟು 27,000. ತಲೆಗೆ 108 ಲೀಟರ್. ಮಹಾನಗರದಲ್ಲಿ ಒಬ್ಬರಿಗೆ ದಿನಕ್ಕೆ 150 ಲೀಟರ್ ಅಂತ ಸರ್ಕಾರದ ಲೆಕ್ಕ. ನಾವು ಶುರು ಮಾಡಿದಾಗ 160 ಇದ್ದೆವು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಮಾರ್ಚಿನಲ್ಲಿ ನಾನೇ ಕೂತು ಹತ್ತು ನಿಯಮ ಟೈಪ್ ಮಾಡಿ ಲಿಫ್ಟಿನಲ್ಲಿ ಅಂಟಿಸಿದ್ದೆ. ಏಳನೆಯದು, 'ಆವರಣದ ಹೊರಗೆ ನೀರು ಒಯ್ಯುವಂತಿಲ್ಲ'. ಪಕ್ಕದ ಟೀ ಅಂಗಡಿಯವನು ನಮ್ಮ ವಾಚ್‌ಮನ್‌ಗೆ ಸಿಗರೇಟ್ ಕೊಟ್ಟು ಎರಡು ಡ್ರಮ್ ತುಂಬಿಸಿಕೊಳ್ತಿದ್ದ, ಅದಕ್ಕೆ ಬರೆದದ್ದು. ಒಂದು ಮಧ್ಯಾಹ್ನ ಗೇಟಿನ ಹತ್ತಿರ ಗಲಾಟೆ ಕೇಳಿ ಇಳಿದು ಹೋದರೆ ನಮ್ಮನೆ ಕೆಲಸಕ್ಕೆ ಬರುವ ರತ್ನ ನಿಂತಿದ್ದಾಳೆ. ಕೈಯಲ್ಲಿ ಐದು ಲೀಟರಿನ ಎರಡು ಎಣ್ಣೆ ಕ್ಯಾನು, ತುಂಬಿವೆ. ವಾಚ್‌ಮನ್ ಬಿಡ್ತಿಲ್ಲ.

"ಮೇಡಂದೇ ರೂಲ್ಸು" ಅಂತ ನನ್ನನ್ನೇ ತೋರಿಸಿದ.

ರತ್ನ ಇರುವ ಕಡೆ ಆಗ ವಾರಕ್ಕೊಮ್ಮೆ ನೀರು, ಅದೂ ಗ್ಯಾರಂಟಿ ಇಲ್ಲ. ಕುಡಿಯೋಕೆ ಐದು ರೂಪಾಯಿ ಕಾಯಿನ್ ಹಾಕಿ 20 ಲೀಟರ್ ಹಿಡಿಯುವ ಘಟಕದ ಮುಂದೆ ಬೆಳಗ್ಗೆ ನಾಲ್ಕಕ್ಕೆ ಕ್ಯಾನ್ ಸಾಲು. ನಮ್ಮ ಮೂರು ಮನೆಯ ಪಾತ್ರೆ, ನೆಲ ಅವಳೇ ತೊಳೀತಿದ್ದಳು. ನಮ್ಮ ನೀರು ಉಳಿಸೋಕೆ ಅಂತ ನಾನು ಅವಳಿಗೆ ಹೇಳಿಕೊಟ್ಟಿದ್ದೆ ಬೇರೆ, ಎರಡು ಟಬ್ ಇಟ್ಟುಕೋ, ಒಂದರಲ್ಲಿ ಉಜ್ಜು, ಒಂದರಲ್ಲಿ ಅದ್ದು ಅಂತ. ಅವಳು ಏನೂ ಜಗಳ ಮಾಡಲಿಲ್ಲ. "ಬಿಡಿ ಅಕ್ಕ, ಗಿಡಕ್ಕೆ ಹಾಕ್ತೀನಿ" ಅಂತ ಹೇಳಿ ಕ್ಯಾನು ಎರಡನ್ನೂ ಅಲ್ಲೇ ಇಟ್ಟಳು. ಗಿಡಕ್ಕೆ ಹಾಕೋದೂ ನಿಷೇಧ ಅಂತ ಮೂರನೇ ನಿಯಮದಲ್ಲಿ ಇತ್ತು.

ಅವತ್ತು ಸಂಜೆ ಏಳನೇ ನಿಯಮದ ಕೆಳಗೆ ಪೆನ್ನಲ್ಲಿ ಬರೆದೆ, ಕೆಲಸಕ್ಕೆ ಬರುವವರು ದಿನಕ್ಕೆ 10 ಲೀಟರ್ ಒಯ್ಯಬಹುದು ಅಂತ. ಕೇಳದೆ ಬರೆದೆ ಅಂತ ಮೀಟಿಂಗಿನಲ್ಲಿ ಇಬ್ಬರು ಆಕ್ಷೇಪ ಎತ್ತಿದರು. ಕೆಲಸಕ್ಕೆ ಬರುವವರು 14 ಜನ, ದಿನಕ್ಕೆ 140 ಲೀಟರ್. ಬೀಗ ಹಾಕಿದ ಮನೆಯ ಟಾಯ್ಲೆಟ್ ದಿನಕ್ಕೆ 600 ಕುಡಿದಿದ್ದಕ್ಕೆ ಯಾರೂ ಆಕ್ಷೇಪ ಎತ್ತಿರಲಿಲ್ಲ ಅಂತ ನೆನಪಿಸಿದೆ. ಪಾಸ್ ಆಯಿತು. ರತ್ನ ಮಾತ್ರ ಒಂದು ವಾರ ಕ್ಯಾನು ತರಲಿಲ್ಲ.

ಮಳೆ ಕಾದಿದ್ದು ಒಂದು ದೊಡ್ಡ ಕಥೆ. ಏಪ್ರಿಲ್ ಪೂರ್ತಿ ಒಣಗಿತ್ತು. 26ಕ್ಕೆ ಲೋಕಸಭೆ ಚುನಾವಣೆ, ಓಟು ಹಾಕೋ ಸಾಲಿನಲ್ಲೂ ಟ್ಯಾಂಕರ್ ಮಾತೇ. ಅಷ್ಟರಲ್ಲಿ ನಾವು ತಾರಸಿಯ ಮಳೆನೀರು ಕೊಯ್ಲಿನ ಫಿಲ್ಟರ್ ತೆಗೆದು ನೋಡಿದ್ದೆವು. 2009ರಿಂದ ಕಡ್ಡಾಯ ಅಂತ ಬಿಲ್ಡರ್ ಕಟ್ಟಿಕೊಟ್ಟಿದ್ದು, ಅವತ್ತಿಂದ ಯಾರೂ ಮುಟ್ಟಿಲ್ಲ. ಒಳಗೆ ಜಲ್ಲಿ ಕಲ್ಲಿನ ಜಾಗದಲ್ಲಿ ಗಟ್ಟಿ ಕೆಸರು, ಅದರಲ್ಲಿ ಒಂದು ಕ್ರಿಕೆಟ್ ಬಾಲ್, ಎರಡು ಚಪ್ಪಲಿ. ತೊಳೆದು ಹೊಸ ಜಲ್ಲಿ ಹಾಕಿಸಿ ಪೈಪನ್ನು ಸಂಪಿಗೆ ತಿರುಗಿಸಿದೆವು. ತಾರಸಿ 1,000 ಚದರ ಮೀಟರ್, ಒಂದು ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್. ಮೇ ಮೊದಲ ವಾರ ಮಳೆ ಬಂದ ರಾತ್ರಿ ಛತ್ರಿ ಹಿಡ್ಕೊಂಡು ಏಳೆಂಟು ಜನ ಸಂಪಿನ ಸುತ್ತ ನಿಂತಿದ್ದರು. ಶಿವಣ್ಣ ಕೋಲು ಇಳಿಸಿ ಎತ್ತಿ ಕೂಗಿದರು, ಎಷ್ಟು ಏರಿತು ಅಂತ. ಕಾರಿನ ಸಾರ್ ಚಪ್ಪಾಳೆ ತಟ್ಟಿದರು. ಕಾರು ಮಳೆಯಲ್ಲಿ ನಿಲ್ಲಿಸಿದ್ದರು.

ಜೂನ್ 2ರಂದು ಬೆಂಗಳೂರಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ. ಜೂನ್ ತಿಂಗಳ ಒಂದು ದಿನದಲ್ಲಿ ಇಷ್ಟು ಮಳೆ 133 ವರ್ಷದಲ್ಲಿ ಬಿದ್ದಿರಲಿಲ್ಲವಂತೆ. ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಲೀಟರ್ ದಾಟಬೇಕು, ಸಂಪು ಹಿಡಿಯೋದು 60,000. ಉಕ್ಕಿ ಬೇಸ್‌ಮೆಂಟಿಗೆ ನುಗ್ಗಿತು. ಮೂರು ತಿಂಗಳು ನೀರಿಗಾಗಿ ಬಾಯಿ ಬಿಟ್ಟವರು ಅವತ್ತು ನೀರು ಹೊರಗೆ ಹಾಕೋಕೆ ಬಾಡಿಗೆಗೆ ಡೀಸೆಲ್ ಪಂಪ್ ತಂದೆವು. ಬಾಡಿಗೆ ಒಂದು ಟ್ಯಾಂಕರಿನಷ್ಟೇ ಆಯಿತು.

ಕಾವೇರಿ ಐದನೇ ಹಂತ 2024ರ ಅಕ್ಟೋಬರ್ 16ಕ್ಕೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆ ಆಯಿತು. ದಿನಕ್ಕೆ 77.5 ಕೋಟಿ ಲೀಟರ್, ಈ 110 ಹಳ್ಳಿಗಳಿಗಾಗಿಯೇ. ನೂರು ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಹತ್ತಿಸಿ ತರ್ತಾರೆ. ನಮಗೆ ಸಂಪರ್ಕ ಸಿಗೋಕೆ ಅರ್ಜಿ, ಹಣ, ರಸ್ತೆ ಅಗೆತ ಎಲ್ಲ ಮುಗಿದು 2025ರ ಮೇ ಆಯಿತು. ಅಷ್ಟರಲ್ಲಿ ಫೆಬ್ರವರಿಯಲ್ಲಿ ಕಾರು, ಗಿಡದ ಆದೇಶ ಮತ್ತೆ ಬಂದಿತ್ತು, ಅದೇ 5,000 ದಂಡ. ಲಿಫ್ಟಿನಲ್ಲಿ ಹಳೇ ಕಾಗದ ಇನ್ನೂ ಇದ್ದಿದ್ದರಿಂದ ಹೊಸದು ಅಂಟಿಸುವ ಕೆಲಸ ಉಳಿಯಿತು.

ನನ್ನ ಅವಧಿ ಮುಗಿದಿದೆ, ಈಗ ಖಜಾಂಚಿ ಬೇರೆಯವರು. ರಾತ್ರಿ ಒಂಬತ್ತರ ಎಂಟು ಅಂಕಿ ಗ್ರೂಪಿಗೆ ಬರೋದು ನಿಂತು ತಿಂಗಳುಗಳಾಯಿತು. ಮೊನ್ನೆ ಕುತೂಹಲಕ್ಕೆ ತಾರಸಿಗೆ ಹೋಗಿ ಎರಡು ದಿನ ಮೀಟರ್ ನೋಡಿ ಕಳೆದೆ, 36,000. 5ನೇ ಲೈನ್ ಮತ್ತೆ ಮೊದಲು. ಸೋರಿಕೆ ಇದೆಯಾ ನೋಡೋಣ ಅಂತ ಶಿವಣ್ಣನಿಗೆ ಫೋನ್ ಮಾಡಿ ರಾತ್ರಿ ಒಂದಕ್ಕೆ ಕೋಲು ತರ್ತೀರಾ ಅಂತ ಕೇಳಿದೆ.

"ಕೋಲು ಊರಲ್ಲಿದೆ ಮೇಡಂ. ನುಗ್ಗೇಕಾಯಿ ಕೀಳೋಕೆ ಅಂತ ಹೆಂಡ್ತಿ ತಗೊಂಡು ಹೋದಳು. ಟೇಪು ಹಾಗೇ ಇದೆ, ಬೇಕಾದ್ರೆ ತರಿಸ್ತೀನಿ."

ತರಿಸಿ ಅಂದಿದ್ದೇನೆ. ಭಾನುವಾರ ಬರುತ್ತೆ.